ಹೊರದೇಶದಲ್ಲಿ ಫೀಲ್ಡ್ ವರ್ಕ್, ತಿರುಗಾಟ, ಗೆಳೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಂಶೋಧನೆಗೆಂದು ಕಪ್ಪೆಗಳ ಹಿಂದೆ ಬಿದ್ದು ಹಲವು ವರ್ಷಗಳಾದವು. ಅವು ಇರುವ ತೊರೆ, ಕಾಡಿಗೇ ಹೋಗಿ ಮಾಡುವ ಕೆಲಸಕ್ಕೆ ಫೀಲ್ಡ್ ವರ್ಕ್ ಅನ್ನುತ್ತೇವೆ. ಕೆಲಸ ರಾತ್ರಿಯದು, ಜಾಗ ಹೆಚ್ಚಾಗಿ ಬೇರೆ ದೇಶದ್ದು. ಮೊದಲ ಸಲ ಹೊರಡುವವರು ನನ್ನ ಹತ್ತಿರ ಕಪ್ಪೆಯ ವಿಷಯ ಕೇಳುವುದು ಕಡಿಮೆ. ಮಧ್ಯೆ ಸುತ್ತಾಡೋಕೆ ಬಿಡುವು ಸಿಗುತ್ತಾ, ಫ್ರೆಂಡ್‌ನ ಕರ್ಕೊಂಡು ಹೋಗ್ಲಾ, ಅಷ್ಟು ದಿನ ಒಟ್ಟಿಗೆ ಇದ್ದರೆ ಜಗಳ ಆಗಲ್ವಾ, ಇಂಥವೇ ಜಾಸ್ತಿ. ಅದನ್ನೂ ಅಳುಕುತ್ತಾ ಕೇಳುತ್ತಾರೆ. ಅಳುಕಬೇಕಾದ್ದೇನೂ ಇಲ್ಲ. ನಾನು ನೋಡಿದ ಮಟ್ಟಿಗೆ, ಫೀಲ್ಡ್ ಸೀಸನ್ ಕೆಡುವುದು ಉಪಕರಣ ಕೆಟ್ಟಿದ್ದರಿಂದ ಅಲ್ಲ, ಈ ಮಾತುಗಳನ್ನು ಮೊದಲೇ ಆಡಿಕೊಳ್ಳದೆ ಹೋದದ್ದರಿಂದ.

ಕೆಲಸಕ್ಕೆ ಅಂತ ಹೋಗಿ ಊರು ಸುತ್ತುವುದು ತಪ್ಪಲ್ವಾ?

ಸುತ್ತುವುದರಲ್ಲಿ ತಪ್ಪಿಲ್ಲ. ಕದ್ದುಮುಚ್ಚಿ ಸುತ್ತುವುದು ತಪ್ಪು.

ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1799ರಿಂದ 1804ರವರೆಗೆ ಅಮೆರಿಕ ಖಂಡಗಳಲ್ಲಿ ಅಲೆದರು. ಜೊತೆಗಿದ್ದವರು ಗಿಡಮರಗಳನ್ನು ಬಲ್ಲ ಗೆಳೆಯ ಎಮೆ ಬೊನ್‌ಪ್ಲಾನ್. ಈಗಿನ ಈಕ್ವೆಡಾರ್ ದೇಶದ ಕ್ವಿಟೋದಲ್ಲಿ ಕಾರ್ಲೋಸ್ ಮೊಂಟುಫರ್ ಎಂಬ ಯುವಕ ಸೇರಿಕೊಂಡ. 1802ರ ಜೂನ್‌ನಲ್ಲಿ ಮೂವರೂ ಅಳತೆಯ ಉಪಕರಣ ಹೊತ್ತು ಚಿಂಬೊರಾಸೊ ಪರ್ವತ ಹತ್ತಿದರು. ತುದಿ ಮುಟ್ಟಲಿಲ್ಲ. ಅದನ್ನು ಸಂಶೋಧನೆ ಅನ್ನಬೇಕೋ, ಪ್ರವಾಸ ಅನ್ನಬೇಕೋ, ಗೆಳೆಯರ ಹುಚ್ಚು ಸಾಹಸ ಅನ್ನಬೇಕೋ, ಬಿಡಿಸಿ ಹೇಳುವುದು ಕಷ್ಟ.

ಒಂದು ವ್ಯತ್ಯಾಸ ಮಾತ್ರ ನೆನಪಿಟ್ಟುಕೊಳ್ಳಿ. ಹಂಬೋಲ್ಟ್ ಖರ್ಚು ಮಾಡಿದ್ದು ಹೆತ್ತವರಿಂದ ಬಂದ ಸ್ವಂತ ಆಸ್ತಿ. ನಮ್ಮದು ಗ್ರಾಂಟ್, ಅಂದರೆ ಸಂಶೋಧನೆಗೆಂದೇ ಕೊಟ್ಟ ಹಣ. ಯಾವ ದಿನ ಯಾರ ದುಡ್ಡಿನದು ಅನ್ನುವುದು ನಮ್ಮ ಕ್ಯಾಲೆಂಡರ್‌ನಲ್ಲಿ ಕಾಣಬೇಕು.

ಹಾಗಾದರೆ ದಿನಾ ಒಂದಿಷ್ಟು ಕೆಲಸ, ಒಂದಿಷ್ಟು ತಿರುಗಾಟ ಅಂತ ಇಟ್ಟುಕೊಳ್ಳಬಹುದಾ?

ನಾನು ಹಾಗೆ ಮಾಡಿ ಕೆಟ್ಟಿದ್ದೇನೆ. ನನ್ನ ಎರಡನೇ ಸೀಸನ್. ರಾತ್ರಿ ಎರಡರವರೆಗೆ ತೊರೆಯಲ್ಲಿ ಎಣಿಕೆ, ಬೆಳಗ್ಗೆ ಎದ್ದು ಜಲಪಾತ ನೋಡಲು ಬಸ್ಸು. ನಾಲ್ಕನೇ ದಿನ ಕಪ್ಪೆ ಎಣಿಸಿದ ನೀರುಗುಂಡಿಗಳ ನಂಬರ್ ಅದಲುಬದಲು ಬರೆದುಕೊಂಡಿದ್ದೆ. ಜಲಪಾತದ ಹತ್ತಿರ ಬಂಡೆಗೆ ಒರಗಿ ನಿದ್ದೆ ಹೊಡೆದದ್ದು ಬಿಟ್ಟರೆ ಅಲ್ಲಿನದೇನೂ ನೆನಪಿಲ್ಲ. ಎರಡೂ ಹೋಯಿತು.

ಈಗ ನಾನು ಸರದಿಯ ಲೆಕ್ಕ ಹಿಡಿದಿದ್ದೇನೆ. ಕೆಲಸದ ವಾರಗಳಲ್ಲಿ ಕೆಲಸ. ವಾರಕ್ಕೊಂದು ದಿನ ಪೂರ್ತಿ ಬಿಡುವು. ಕೊನೆಯಲ್ಲಿ ಒಂದಿಷ್ಟು ದಿನ ಪೂರ್ತಿ ತಿರುಗಾಟಕ್ಕೆ. ಎಲ್ಲವನ್ನೂ ಟಿಕೆಟ್ ತೆಗೆಯುವ ಮೊದಲೇ ಬರೆದು ಸಂಶೋಧನೆಯ ಮಾರ್ಗದರ್ಶಕರಾದ ಗೈಡ್‌ಗೂ ಜೊತೆಗೆ ಬರುವವರಿಗೂ ಕಳಿಸುತ್ತೇನೆ. ಕಾಗದದ ಮೇಲೆ ಬಂದ ತಿರುಗಾಟಕ್ಕೆ ಯಾರೂ ಹುಬ್ಬು ಹಾರಿಸುವುದಿಲ್ಲ.

ತಿರುಗಾಟ ಮೊದಲಿಗಾ, ಕೊನೆಗಾ?

ಕೊನೆಗೆ. ಮಳೆ ತಡವಾಗುತ್ತದೆ, ದೋಣಿ ಬರುವುದಿಲ್ಲ, ಸಹಿ ಹಾಕಬೇಕಾದವರು ರಜೆಯಲ್ಲಿರುತ್ತಾರೆ. ರಜೆಯ ದಿನಗಳು ಕೊನೆಯಲ್ಲಿದ್ದರೆ ಅದರಲ್ಲಿ ಎರಡು ಕತ್ತರಿಸಿ ಕೆಲಸಕ್ಕೆ ಕೊಡಬಹುದು. ಮೊದಲೇ ಸುತ್ತಿ ಮುಗಿಸಿದ್ದರೆ ಕತ್ತರಿಸಲು ಏನಿರುತ್ತದೆ?

ಎತ್ತರದ ಪರ್ವತದಲ್ಲಿ ಕೆಲಸವಿದ್ದರೆ ಮಾತ್ರ ಲೆಕ್ಕ ತಿರುಗುಮುರುಗು. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಮೇಲೇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎನ್ನುತ್ತಾರೆ ಪರ್ವತ ವೈದ್ಯರು. ಅಲ್ಲಿ ನಿಧಾನವಾಗಿ ಸುತ್ತಾಡುವುದೇ ಕೆಲಸದ ತಯಾರಿ. ಗೆಳೆಯರ ಜೊತೆ ಚಾರಣವನ್ನು ಮೊದಲಿಗೇ ಇಟ್ಟುಕೊಳ್ಳಿ, ಧೈರ್ಯವಾಗಿ.

ಸಮುದ್ರದ ಕೆಲಸದವರಿಗೆ ಇನ್ನೊಂದು ಮಾತು. ಹಲವು ದಿನ ಡೈವಿಂಗ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಕೊನೆಯ ಡೈವ್ ಮುಗಿಸಿ ಅದೇ ಸಂಜೆಯ ವಿಮಾನಕ್ಕೆ ಓಡುವ ಪ್ಲಾನ್ ಬೇಡ. ಡೈವ್ ಆದ ಕೂಡಲೇ ಎತ್ತರದ ಬೆಟ್ಟಕ್ಕೆ ಕಾರಿನಲ್ಲಿ ಹೋಗುವುದೂ ಅಪಾಯವೇ.

ಎಷ್ಟು ದಿನ ಹೆಚ್ಚುವರಿ ಇಟ್ಟುಕೊಳ್ಳಬೇಕು?

ನನ್ನ ಲೆಕ್ಕ ಐದಕ್ಕೊಂದು. ಮೂವತ್ತು ದಿನದ ಕೆಲಸಕ್ಕೆ ಆರು ದಿನ ಖಾಲಿ. ಯಾರೂ ಪೂರ್ತಿ ಖಾಲಿ ಉಳಿಸಿಕೊಂಡು ಬಂದದ್ದನ್ನು ನಾನು ನೋಡಿಲ್ಲ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಸುಮ್ನೆ ಒಂದಿಷ್ಟು ಡೇಟಾ ತಂದರೆ ಏನಾಗುತ್ತೆ?

ಬೇಡ. ಇದೊಂದರಲ್ಲಿ ನಾನು ಗೆಳೆಯರ ಜೊತೆಗೂ ಬಿಗಿ.

ಹಲವು ದೇಶಗಳು ಸಂಶೋಧನೆಗೆ ಬೇರೆಯೇ ವೀಸಾ, ಬೇರೆಯೇ ಅನುಮತಿ ಕೇಳುತ್ತವೆ. ಎರಡೂ ಬೇರೆ ಬೇರೆ ಕಾಗದ ಅನ್ನುವುದು ಮೊದಲ ಸಲ ಹೋಗುವವರಿಗೆ ಹೊಳೆಯುವುದೇ ಇಲ್ಲ. ವೀಸಾ ದೇಶದ ಒಳಗೆ ಬಿಡುತ್ತದೆ. ಕಾಡಿನೊಳಗೆ ಬಿಡುವುದು, ಪ್ರಾಣಿ ಹಿಡಿಯಲು ಬಿಡುವುದು, ಸ್ಯಾಂಪಲ್ ಹೊರಗೆ ಒಯ್ಯಲು ಬಿಡುವುದು ಮೂರು ಬೇರೆ ಅನುಮತಿಗಳಾಗಿರಬಹುದು.

ಇದರ ಹಿಂದೆ ಕಾರಣವಿದೆ. ಹೊರಗಿನವರು ಬಂದು ಗಿಡ, ಬೀಜ, ಪ್ರಾಣಿ ಹೊತ್ತೊಯ್ದು ಅಲ್ಲಿನವರಿಗೆ ಏನೂ ಕೊಡದೆ ಹೋದ ಕಾಲ ಬಹಳ ದೊಡ್ಡದು. 2010ರಲ್ಲಿ ಒಪ್ಪಿಗೆಯಾಗಿ 2014ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಗೋಯಾ ಒಪ್ಪಂದ ಇದನ್ನೇ ಸರಿಮಾಡಲು ಹೊರಟದ್ದು. ಜೀವಿಗಳ ಆನುವಂಶಿಕ ವಸ್ತು ಬಳಸುವ ಮೊದಲು ಆ ದೇಶದ ಒಪ್ಪಿಗೆ ಪಡೆಯಬೇಕು, ಅದರಿಂದ ಬರುವ ಲಾಭ ಹೇಗೆ ಹಂಚುವುದು ಎಂದು ಮೊದಲೇ ಮಾತಾಡಿಕೊಳ್ಳಬೇಕು. ಇದಕ್ಕೂ ಹಳೆಯದು ಅಪಾಯದಲ್ಲಿರುವ ಕಾಡುಜೀವಿಗಳ ವ್ಯಾಪಾರಕ್ಕೆ ಲಗಾಮು ಹಾಕುವ 1973ರ ಸೈಟಿಸ್ ಒಪ್ಪಂದ. ಅದರ ಪಟ್ಟಿಯಲ್ಲಿರುವ ಜೀವಿಯ ಒಂದು ಗರಿ, ಒಂದು ಹನಿ ರಕ್ತ ಗಡಿ ದಾಟಬೇಕಾದರೂ ಕಾಗದ ಬೇಕು.

ಪರ್ಮಿಟ್‌ಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದು ಕೈಗೆ ಬರುವ ಮೊದಲು ಗೆಳೆಯರಿಗೆ ಟಿಕೆಟ್ ತೆಗೆಯಲು ಹೇಳಬೇಡಿ.

ತಿರುಗಾಟದ ದಿನಗಳನ್ನೂ ವೀಸಾ ಲೆಕ್ಕಕ್ಕೆ ಸೇರಿಸಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಕಡಿಮೆ ಅವಧಿಯ ವೀಸಾ ಇದ್ದರೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಕೆಲಸಕ್ಕೆ 85 ದಿನ ಮುಗಿಸಿ, ಪಕ್ಕದ ದೇಶದಲ್ಲಿ ಹತ್ತು ದಿನ ಗೆಳತಿಯ ಮನೆ ಅಂದರೆ ಆಗುವುದಿಲ್ಲ. ಆ ಪಕ್ಕದ ದೇಶವೂ ಷೆಂಗೆನ್ ಆಗಿದ್ದರೆ ಎಲ್ಲಾ ಒಂದೇ ಖಾತೆ.

ತಿರುಗಾಟದಲ್ಲಿ ಏನೋ ಅಪರೂಪದ್ದು ಕಂಡಿತು. ಒಂದು ಸ್ಯಾಂಪಲ್ ತಗೊಳ್ಳಲಾ?

ನಿಮ್ಮ ಪರ್ಮಿಟ್‌ನಲ್ಲಿ ಆ ಜಾಗದ ಹೆಸರಿಲ್ಲ ಅಲ್ವಾ? ಹಾಗಿದ್ದರೆ ಕೈ ಜೇಬಿನಲ್ಲಿರಲಿ. ಕಣ್ಣಾರೆ ನೋಡಿ, ಬರೆದುಕೊಳ್ಳಿ. ಮುಂದಿನ ಅರ್ಜಿಗೆ ಒಳ್ಳೆಯ ಕಾರಣ ಸಿಕ್ಕಿತು ಅಂದುಕೊಳ್ಳಿ.

ಫೀಲ್ಡ್ ಬೂಟನ್ನೇ ಹಾಕಿಕೊಂಡು ಸುತ್ತಾಡಬಹುದಾ?

ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ನಾನೇ ಸೇರಿಸಿದ್ದೇನೆ, ಕಪ್ಪೆಯವರ ಹಠ ಅಂದುಕೊಳ್ಳಿ.

ಕೈಟ್ರಿಡ್ ಎಂಬ ಬೂಸ್ಟು ಕಪ್ಪೆಗಳ ಚರ್ಮಕ್ಕೆ ತಗಲುತ್ತದೆ. ಕಪ್ಪೆ ನೀರು, ಲವಣ ಒಳಗೆಳೆದುಕೊಳ್ಳುವುದು ಚರ್ಮದಿಂದಲೇ. ಅದು ಕೆಟ್ಟರೆ ಹೃದಯ ನಿಲ್ಲುತ್ತದೆ. 2019ರಲ್ಲಿ ಬಂದ ಒಂದು ದೊಡ್ಡ ಲೆಕ್ಕದ ಪ್ರಕಾರ ಈ ಬೂಸ್ಟಿನಿಂದ ಕಪ್ಪೆ ಮತ್ತು ಅದರ ಬಳಗದ 501 ಜಾತಿಗಳು ಇಳಿಮುಖವಾಗಿವೆ. ಅದರಲ್ಲಿ 90 ಬಹುಶಃ ಅಳಿದೇ ಹೋಗಿವೆ. ಪ್ರಾಣಿಗಳ ಸಾಗಾಟವೇ ಇದರ ಮುಖ್ಯ ದಾರಿ. ಆದರೆ ಒದ್ದೆ ಮಣ್ಣು ಮೆತ್ತಿದ ಬೂಟು, ಬಲೆ ಕೂಡ ಒಂದು ತೊರೆಯಿಂದ ಇನ್ನೊಂದಕ್ಕೆ ಅದನ್ನು ದಾಟಿಸಬಹುದು.

ಹಾಗಾಗಿ ಫೀಲ್ಡ್‌ಗೆ ಒಂದು ಜೊತೆ, ತಿರುಗಾಟಕ್ಕೆ ಇನ್ನೊಂದು ಜೊತೆ. ಒಂದೇ ಜೊತೆ ಇದ್ದರೆ ಮೊದಲು ಮಣ್ಣು ಪೂರ್ತಿ ಉಜ್ಜಿ ತೆಗೆಯಿರಿ, ಬ್ಲೀಚ್ ನೀರಿನಲ್ಲಿ ತೊಳೆಯಿರಿ, ಚೆನ್ನಾಗಿ ಒಣಗಿಸಿ. ಜೊತೆಗೆ ಬರುವ ಗೆಳೆಯರಿಗೂ ಇದೇ ನಿಯಮ. ನಗುತ್ತಾರೆ, ನಗಲಿ.

ಫ್ರೆಂಡ್ ಒಬ್ಬರನ್ನು ಸಹಾಯಕ್ಕೆ ಅಂತ ಕರೆದುಕೊಂಡು ಹೋಗಬಹುದಾ?

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಉತ್ತರ ಗೆಳೆಯರ ಮೇಲೆ ನಿಂತಿದೆ, ನಿಮ್ಮ ಮೇಲೆ ಇನ್ನೂ ಜಾಸ್ತಿ ನಿಂತಿದೆ.

ಒಮ್ಮೆ ನನ್ನ ಹಳೆಯ ಗೆಳತಿಯೊಬ್ಬಳು ಬಂದಳು. "ರಜೆ ಆದ ಹಾಗೂ ಆಯ್ತು, ನಿನಗೆ ಸಹಾಯ ಆದ ಹಾಗೂ ಆಯ್ತು" ಅಂತ ಇಬ್ಬರೂ ಹೇಳಿಕೊಂಡೆವು. ಕೆಲಸ ಏನು ಅಂತ ನಾನು ವಿವರಿಸಿದ್ದು ಒಂದೇ ಸಾಲಿನಲ್ಲಿ: ರಾತ್ರಿ ಕಪ್ಪೆ ಎಣಿಸುವುದು. ಅದು ಕತ್ತಲಲ್ಲಿ ಮೊಣಕಾಲಿನವರೆಗಿನ ನೀರಿನಲ್ಲಿ ಆರು ಗಂಟೆ ನಿಂತು, ಒಬ್ಬರು ಕೂಗಿದ್ದನ್ನು ಇನ್ನೊಬ್ಬರು ಬರೆದುಕೊಳ್ಳುವ ಕೆಲಸ. ಅದನ್ನು ಹೇಳಿರಲಿಲ್ಲ. ಹಗಲು ನಾನು ನಿದ್ದೆ ಮಾಡುತ್ತೇನೆ ಅಂತಲೂ ಹೇಳಿರಲಿಲ್ಲ. ಐದನೇ ದಿನ ಅವಳು ತಣ್ಣಗೆ ಕೇಳಿದಳು, "ನಾನು ನಿನ್ನ ಫ್ರೆಂಡಾ, ಕೂಲಿಯಾ?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅವಳು ಅಲ್ಲಿ ಎರಡೂ ಆಗಿದ್ದಳು. ಒಂದಕ್ಕೆ ಸಿಗಬೇಕಾದ ಸಮಯ ನಾನು ಕೊಡಲಿಲ್ಲ, ಇನ್ನೊಂದಕ್ಕೆ ಸಿಗಬೇಕಾದ ಸಂಬಳವೂ ಕೊಡಲಿಲ್ಲ.

ಅಂದಿನಿಂದ ಯಾರನ್ನಾದರೂ ಕರೆಯುವ ಮೊದಲು ಒಂದು ಪತ್ರ ಬರೆಯುತ್ತೇನೆ. ಎಷ್ಟು ಗಂಟೆಗೆ ಏಳುವುದು, ಎಷ್ಟು ಹೊತ್ತು ಕೆಲಸ, ಎಲ್ಲಿ ಮಲಗುವುದು, ಶೌಚಕ್ಕೆ ಎಲ್ಲಿ ಹೋಗುವುದು. ಯಾವ ಖರ್ಚು ಪ್ರಾಜೆಕ್ಟಿನದು, ಯಾವುದು ಅವರದು. ಇಷ್ಟವಾಗದಿದ್ದರೆ ಯಾವ ದಿನ ವಾಪಸು ಹೊರಡಬಹುದು. ಈ ಕೊನೆಯದು ಬಹಳ ಮುಖ್ಯ. ಹೊರಡುವ ದಾರಿ ಗೊತ್ತಿದ್ದವರೇ ಖುಷಿಯಾಗಿ ಉಳಿಯುತ್ತಾರೆ.

ಇನ್ನೂ ಎರಡು ವಿಷಯ ಪರೀಕ್ಷಿಸಿ. ಪರ್ಮಿಟ್‌ನಲ್ಲಿ ಅವರ ಹೆಸರು ಇರಬೇಕಾ? ಎಷ್ಟೋ ಕಡೆ ಇರಲೇಬೇಕು. ನಿಮ್ಮ ಸಂಸ್ಥೆಯ ವಿಮೆ ಅವರಿಗೆ ಅನ್ವಯಿಸುತ್ತಾ? ಸಾಮಾನ್ಯವಾಗಿ ಇಲ್ಲ. ಅವರೇ ಮಾಡಿಸಿಕೊಳ್ಳಬೇಕು.

ಆ ಗೆಳತಿ ಈಗಲೂ ಗೆಳತಿಯೇ. ಮತ್ತೆ ಕಪ್ಪೆ ಎಣಿಸಲು ಮಾತ್ರ ಬಂದಿಲ್ಲ.

ವಿಜ್ಞಾನ ಗೊತ್ತಿಲ್ಲದವರಿಂದ ಏನು ಉಪಯೋಗ?

ಬೇಕಾದಷ್ಟು. ಬರೆದುಕೊಳ್ಳುವುದು, ಸಮಯ ನೋಡುವುದು, ಬ್ಯಾಟರಿ ಚಾರ್ಜ್ ಮಾಡುವುದು. ಎಲ್ಲಕ್ಕಿಂತ ಹೆಚ್ಚಾಗಿ, "ನಿನ್ನೆ ನೀನು ಇದನ್ನು ಬೇರೆ ಥರ ಮಾಡಿದ್ದೆ ಅಲ್ವಾ?" ಅಂತ ಕೇಳುವುದು. ಈ ಪ್ರಶ್ನೆ ಹೊಸಬರಿಗಷ್ಟೇ ಹೊಳೆಯುತ್ತದೆ.

ಜೊತೆಗಾರರ ನೋಟ್ ಎಷ್ಟು ಬೆಲೆಬಾಳುತ್ತದೆ ಅನ್ನುವುದಕ್ಕೆ ಡಾರ್ವಿನ್ ಸಾಕ್ಷಿ. 1835ರಲ್ಲಿ ಅವರು ಗಲಾಪಗೋಸ್‌ನಲ್ಲಿ ಕಳೆದದ್ದು ಐದು ವಾರ. ಫಿಂಚ್ ಹಕ್ಕಿಗಳನ್ನು ಹಿಡಿದರು, ಆದರೆ ಯಾವ ಹಕ್ಕಿ ಯಾವ ದ್ವೀಪದ್ದು ಎಂದು ಹೆಚ್ಚಿನವಕ್ಕೆ ಚೀಟಿ ಅಂಟಿಸಲಿಲ್ಲ. ಊರಿಗೆ ಬಂದ ಮೇಲೆ ದ್ವೀಪದ ಹೆಸರೇ ಮುಖ್ಯ ಅಂತ ಗೊತ್ತಾಯಿತು. ಆಗ ಕೈಹಿಡಿದದ್ದು ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ಇತರ ಜೊತೆಗಾರರು ಹಿಡಿದು, ದ್ವೀಪದ ಹೆಸರಿನ ಸಮೇತ ಇಟ್ಟುಕೊಂಡಿದ್ದ ಹಕ್ಕಿಗಳು.

ವಾರಕ್ಕೊಂದು ದಿನ ಬಿಡುವು ನಿಜಕ್ಕೂ ಬೇಕಾ? ಅಷ್ಟು ದೂರ ಹೋಗಿ ಸುಮ್ನೆ ಕೂರುವುದಾ?

ಬೇಕು. ಆ ದಿನ ಎಲ್ಲರೂ ಒಟ್ಟಿಗೆ ಪಿಕ್‌ನಿಕ್ ಹೋಗಬೇಕು ಅಂತ ಮಾತ್ರ ಹಟ ಹಿಡಿಯಬೇಡಿ. ಆರು ದಿನ ಒಂದೇ ಟೆಂಟಿನಲ್ಲಿ ಕಳೆದವರಿಗೆ ಏಳನೇ ದಿನ ಒಬ್ಬೊಬ್ಬರೇ ಇರಬೇಕು ಅನಿಸುತ್ತದೆ. ಅದನ್ನು ಮುನಿಸು ಅಂದುಕೊಳ್ಳಬಾರದು.

ಕ್ಯಾಂಪಿನಲ್ಲಿ ಜಗಳ ಆದರೆ?

ಆಗುತ್ತದೆ. ಚಮಚ ತೊಳೆಯದ್ದಕ್ಕೆ ಶುರುವಾಗಿ ಯಾರ ಹೆಸರು ಪ್ರಬಂಧದಲ್ಲಿ ಮೊದಲು ಬರಬೇಕು ಎನ್ನುವಲ್ಲಿಗೆ ಮುಟ್ಟುತ್ತದೆ.

ಡಾರ್ವಿನ್ ಮತ್ತು ಫಿಟ್ಜ್‌ರಾಯ್ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದವರು. 1832ರಲ್ಲಿ ಬ್ರೆಜಿಲ್‌ನಲ್ಲಿದ್ದಾಗ ಗುಲಾಮಗಿರಿಯ ಬಗ್ಗೆ ಮಾತು ಬಂದು ಕ್ಯಾಪ್ಟನ್ ಸಿಡಿದರು. ಇನ್ನು ಒಟ್ಟಿಗೆ ಇರಲು ಆಗುವುದಿಲ್ಲ ಅಂದುಬಿಟ್ಟರು. ಕೆಲವೇ ಗಂಟೆಗಳಲ್ಲಿ ಅಧಿಕಾರಿಯೊಬ್ಬರ ಕೈಲಿ ಕ್ಷಮೆ ಕೇಳಿ ಕಳಿಸಿದರು. ಗುಲಾಮಗಿರಿಯ ಬಗ್ಗೆ ಡಾರ್ವಿನ್ ಮಾತು ಬದಲಿಸಲಿಲ್ಲ, ಹಡಗನ್ನೂ ಬಿಡಲಿಲ್ಲ. ಮುಂದೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಟ್ಟಿಗೆ ಸಾಗಿದರು. ಒಪ್ಪದೆಯೂ ಜೊತೆಗಿರಲು ಆಗುತ್ತದೆ. ಆದರೆ ಕ್ಷಮೆ ಅದೇ ದಿನ ಬಂದದ್ದರಿಂದ ಅದು ಆಯಿತು ಅನ್ನುವುದು ನನ್ನ ಗುಮಾನಿ.

ಇದಕ್ಕೆ ತದ್ವಿರುದ್ಧ ಇನ್ನೊಂದು ಜೋಡಿ. ನಾರ್ವೆಯ ಧ್ರುವ ಸಾಹಸಿಗಳಾದ ನಾನ್ಸೆನ್ ಮತ್ತು ಯೋಹಾನ್ಸೆನ್ 1895–96ರ ಚಳಿಗಾಲವನ್ನು ಉತ್ತರ ಧ್ರುವದ ಹತ್ತಿರ ಫ್ರಾನ್ಸ್ ಜೋಸೆಫ್ ಲ್ಯಾಂಡ್‌ನಲ್ಲಿ ಕಲ್ಲು ಮತ್ತು ವಾಲ್ರಸ್ ಚರ್ಮದ ಗುಡಿಸಲಿನಲ್ಲಿ ಕಳೆದರು. ಎಂಟು ತಿಂಗಳು, ಇಬ್ಬರೇ. ಚಳಿ ತಡೆಯಲು ಒಂದೇ ಹಾಸಿಗೆ ಚೀಲದಲ್ಲಿ ಮಲಗುತ್ತಿದ್ದರು. ಆದರೂ ಪರಸ್ಪರ "ನೀವು" ಎನ್ನುತ್ತಿದ್ದರು. ಹೊಸ ವರ್ಷದ ಹಿಂದಿನ ರಾತ್ರಿ ನಾನ್ಸೆನ್ "ನೀನು" ಅಂತ ಶುರುಮಾಡಿದರು ಎಂದು ಯೋಹಾನ್ಸೆನ್ ಬರೆದುಕೊಂಡಿದ್ದಾರೆ. ನಗು ಬರುತ್ತದೆ. ಆದರೆ ಇಕ್ಕಟ್ಟಾದ ಜಾಗದಲ್ಲಿ ಸ್ವಲ್ಪ "ನೀವು" ಇದ್ದರೆ ಒಳ್ಳೆಯದು ಅಂತ ನನಗೂ ಅನಿಸಿದೆ. ಸಲಿಗೆ ಹೆಚ್ಚಾದಷ್ಟೂ ಕೆಲಸದ ತಪ್ಪು ತೋರಿಸುವುದು ಕಷ್ಟ.

ನನ್ನ ತಂಡದಲ್ಲಿ ಒಂದೇ ನಿಯಮ: ದಿನಕ್ಕೆ ಹತ್ತು ನಿಮಿಷ ದೂರು ಹೇಳುವ ಹೊತ್ತು. ತಿಂದಾದ ಮೇಲೆ, ಹಸಿದಾಗ ಅಲ್ಲ.

ಅಲ್ಲಿನ ಫೀಲ್ಡ್ ಸಹಾಯಕರ ಜೊತೆ ಗೆಳೆತನ ಮಾಡಬಹುದಾ? ಸಂಬಳ ಕೊಡುವವರು ನಾವೇ ಅಲ್ವಾ?

ಮಾಡಬಹುದು, ಆಗೇ ಆಗುತ್ತದೆ. ಆದರೆ ಗೆಳೆತನ ಅಂತ ಹೇಳಿ ಸಂಬಳ ಕಡಿಮೆ ಮಾಡುವುದು, ರಜೆಯ ದಿನ ಊರು ತೋರಿಸು ಅಂತ ಬಿಟ್ಟಿ ಕೆಲಸ ಮಾಡಿಸುವುದು ನಡೆಯುತ್ತಲೇ ಇರುತ್ತದೆ. ಮಾಡುವವರಿಗೆ ಅದು ಗೊತ್ತೂ ಆಗುವುದಿಲ್ಲ. ಅವರು "ಆಗಲ್ಲ" ಅನ್ನುವ ಸ್ಥಿತಿಯಲ್ಲಿ ಇಲ್ಲ. ಅದನ್ನು ನೆನಪಿಡಬೇಕಾದವರು ನಾವು.

ಡಾರ್ವಿನ್ ಕಾಲದ ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1854ರಿಂದ 1862ರವರೆಗೆ ಮಲಯ ದ್ವೀಪಸಮೂಹದಲ್ಲಿ, ಅಂದರೆ ಈಗಿನ ಮಲೇಷ್ಯಾ, ಇಂಡೊನೇಷ್ಯಾ ಕಡೆ ಅಲೆದರು. ಸರವಾಕ್‌ನಲ್ಲಿ ಸಿಕ್ಕ ಅಲಿ ಎಂಬ ಹುಡುಗ ಮೊದಲು ಅಡುಗೆ ಮಾಡುತ್ತಿದ್ದ, ಆಮೇಲೆ ಹಕ್ಕಿ ಹೊಡೆಯುವುದು, ಚರ್ಮ ಸುಲಿದು ಕಾಪಾಡುವುದು ಎಲ್ಲ ಕಲಿತ. 1858ರಲ್ಲಿ ಬಚನ್ ದ್ವೀಪದಲ್ಲಿ ರೆಕ್ಕೆಯ ಬುಡದಿಂದ ಉದ್ದನೆಯ ಬಿಳಿ ಗರಿ ಎದ್ದು ನಿಂತ ಒಂದು ಸ್ವರ್ಗಪಕ್ಷಿಯನ್ನು ತಂದು ಕೈಗಿಟ್ಟವನು ಅಲಿ. ಅದಕ್ಕೆ ವಿಜ್ಞಾನದಲ್ಲಿ ಬಂದ ಹೆಸರು ಸೆಮಿಯೋಪ್ಟೆರಾ ವಾಲೇಸಿ. ವಾಲೇಸ್ ಅಲಿಯನ್ನು ತಮ್ಮ ಬರಹದಲ್ಲಿ ಪ್ರೀತಿಯಿಂದ ನೆನೆದಿದ್ದಾರೆ, ಬೀಳ್ಕೊಡುವಾಗ ಫೋಟೋ ತೆಗೆಸಿದ್ದಾರೆ. ಹಕ್ಕಿಗೆ ಮಾತ್ರ ಅಲಿಯ ಹೆಸರಿಲ್ಲ.

ನನ್ನ ಪ್ರಕಾರ ಗೆಳೆತನ ಕಾಣಬೇಕಾದ್ದು ಇಲ್ಲಿ. ಸಂಬಳ ಎಷ್ಟು ಅಂತ ಮೊದಲೇ ಗೊತ್ತುಮಾಡಿ, ಹೇಳಿದ ದಿನಕ್ಕೆ ಕೊಡಿ. ತಿರುಗಾಟಕ್ಕೆ ಜೊತೆಗೆ ಬಂದರೆ ಅದು ಕೆಲಸದ ದಿನವಾ, ಅಲ್ವಾ ಅಂತ ಕೇಳಿ. ಬುದ್ಧಿ ಓಡಿಸಿದವರ ಹೆಸರು ಪ್ರಬಂಧದಲ್ಲಿ ಬರಲಿ, ಬರೀ ಕೊನೆಯ ಧನ್ಯವಾದದಲ್ಲಿ ಅಲ್ಲ. ಫಲಿತಾಂಶವನ್ನು ಅವರ ಭಾಷೆಯಲ್ಲಿ ಒಂದು ಪುಟ ಬರೆಸಿ ವಾಪಸು ಕಳಿಸಿ.

ಒಬ್ಬಳೇ ಹೋಗುತ್ತಿದ್ದೇನೆ. ಭಯ ಪಡಬೇಕಾ?

ಹಾವು, ಸೊಳ್ಳೆ, ನೆರೆ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಸ್ವಂತ ತಂಡದ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. 2014ರಲ್ಲಿ ಮಾನವಶಾಸ್ತ್ರಜ್ಞೆ ಕೇಟ್ ಕ್ಲಾನ್ಸಿ ಮತ್ತು ಸಂಗಡಿಗರು ಫೀಲ್ಡ್‌ನಲ್ಲಿ ಕೆಲಸ ಮಾಡಿದ 666 ಜನರನ್ನು ಕೇಳಿ ಒಂದು ಸಮೀಕ್ಷೆ ಪ್ರಕಟಿಸಿದರು. 64% ಜನ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೈಂಗಿಕ ಹಲ್ಲೆಯಾದದ್ದನ್ನೂ ಹೇಳಿದರು. ಹೆಂಗಸರಿಗೆ ಅದು ಹೆಚ್ಚಾಗಿ ಬಂದದ್ದು ತಂಡದಲ್ಲಿ ಮೇಲಿನ ಸ್ಥಾನದಲ್ಲಿದ್ದವರಿಂದ.

ಹೊರಡುವ ಮೊದಲೇ ಕೇಳಿ: ತೊಂದರೆಯಾದರೆ ಯಾರಿಗೆ ಹೇಳಬೇಕು? ಆ ವ್ಯಕ್ತಿ ಕ್ಯಾಂಪಿನ ಹೊರಗಿನವರಾಗಿರಬೇಕು. ಅಲ್ಲಿಂದ ಹೊರಟುಬರುವಷ್ಟು ಹಣ, ಪಾಸ್‌ಪೋರ್ಟ್, ಫೋನ್ ಸದಾ ನಿಮ್ಮ ಕೈಯಲ್ಲೇ ಇರಲಿ. ಇದನ್ನು ಕೇಳಿದ್ದಕ್ಕೆ ಮುಖ ಸಿಂಡರಿಸುವ ತಂಡಕ್ಕೆ ಹೋಗಬೇಡಿ. ಇಲ್ಲೇ ಊರಿನ ಗೆಳೆಯರು ಉಪಯೋಗಕ್ಕೆ ಬರುತ್ತಾರೆ. ಒಬ್ಬರ ಜೊತೆ ಗುಟ್ಟಿನ ಮಾತೊಂದನ್ನು ಗೊತ್ತುಮಾಡಿಕೊಳ್ಳಿ. ಆ ಮಾತು ಮೆಸೇಜಿನಲ್ಲಿ ಬಂದರೆ ಅವರು ತಕ್ಷಣ ಫೋನ್ ಮಾಡಬೇಕು, ಅಷ್ಟೇ.

ಲಸಿಕೆ, ಔಷಧಿ ವಿಷಯದಲ್ಲಿ ತಿರುಗಾಟಕ್ಕೂ ಏನಾದರೂ ಬೇಕಾ?

ಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಚಾಲ್ತಿಗೆ ಬರುತ್ತದೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಆ ಜ್ವರವಿರುವ ದೇಶದಲ್ಲಿ ಕೆಲಸ ಮುಗಿಸಿ ಪಕ್ಕದ ದೇಶ ಸುತ್ತಲು ಹೊರಟರೆ ಗಡಿಯಲ್ಲಿ ಕೇಳಬಹುದು. ಮಲೇರಿಯಾ ಮಾತ್ರೆಯನ್ನು ಕಾಡು ಬಿಟ್ಟ ದಿನವೇ ನಿಲ್ಲಿಸಬಾರದು. ಕೆಲವನ್ನು ಒಂದು ವಾರ, ಕೆಲವನ್ನು ನಾಲ್ಕು ವಾರ ಮುಂದುವರಿಸಬೇಕು. ಯಾವುದು ಎಷ್ಟು ದಿನ ಅಂತ ವೈದ್ಯರು ಬರೆದುಕೊಟ್ಟ ಚೀಟಿ ಜೊತೆಗಿರಲಿ.

ಸ್ಯಾಂಪಲ್, ಬ್ಯಾಟರಿ ಹೊತ್ತುಕೊಂಡು ಊರೂರು ಸುತ್ತಬಹುದಾ?

ದಯವಿಟ್ಟು ಬೇಡ. ಮೊದಲು ಸ್ಯಾಂಪಲ್ ಭದ್ರ ಜಾಗ ಸೇರಲಿ, ಆಮೇಲೆ ತಿರುಗಾಟ. ಆಲ್ಕೋಹಾಲ್‌ನಲ್ಲಿಟ್ಟ ಸ್ಯಾಂಪಲ್‌ಗೆ ವಿಮಾನದಲ್ಲಿ ಬೇರೆಯೇ ಪ್ಯಾಕಿಂಗ್ ನಿಯಮವಿದೆ. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

ಡೇಟಾ ಎರಡು ಪ್ರತಿ ಇರಲಿ, ಎರಡು ಬೇರೆ ಜನರ ಬಳಿ. ವಾಲೇಸ್ 1852ರಲ್ಲಿ ಅಮೆಜಾನ್‌ನಿಂದ ವಾಪಸಾಗುವಾಗ ಹಡಗಿಗೆ ಬೆಂಕಿ ಬಿತ್ತು. ಜೊತೆಗಿದ್ದ ಸಂಗ್ರಹವೆಲ್ಲ ಸುಟ್ಟುಹೋಯಿತು. ಹತ್ತು ದಿನ ತೆರೆದ ದೋಣಿಯಲ್ಲಿ ಕಳೆದು ಬದುಕಿದರು. ಎರಡೇ ವರ್ಷದಲ್ಲಿ ಮತ್ತೆ ಹೊರಟರು ನೋಡಿ, ಆ ಎದೆಗಾರಿಕೆ ನನಗಿಲ್ಲ. ನನ್ನ ನೋಟ್‌ಬುಕ್‌ನ ಪ್ರತಿ ಪುಟದ ಫೋಟೋ ಅದೇ ರಾತ್ರಿ ಜೊತೆಗಾರರ ಫೋನಿಗೆ ಹೋಗುತ್ತದೆ.

ಫೋಟೋ ಹಾಕಬಹುದಾ?

ನಿಮ್ಮ ಮುಖದ್ದು ಹಾಕಿ. ಅಪರೂಪದ ಪ್ರಾಣಿಯದ್ದಾದರೆ ಜಾಗ ಗೊತ್ತಾಗದ ಹಾಗೆ, ಫೋಟೋದೊಳಗಿನ ಜಿಪಿಎಸ್ ಗುರುತು ಅಳಿಸಿ. 1999ರಲ್ಲಿ ಚೀನಾದ ಒಂದು ಗುಹೆ ಹಲ್ಲಿಯನ್ನು ವಿಜ್ಞಾನಿಗಳು ಮೊದಲ ಬಾರಿ ವಿವರಿಸಿದರು. ಸಾಕುಪ್ರಾಣಿ ವ್ಯಾಪಾರಕ್ಕಾಗಿ ಜನ ಹುಡುಕಿಕೊಂಡು ಹೋಗಿ, ಅದು ಮೊದಲು ಸಿಕ್ಕ ಜಾಗದಲ್ಲೇ ಇಲ್ಲವಾಯಿತು. ಅವರಿಗೆ ದಾರಿ ತೋರಿಸಿದ್ದು ವಿಜ್ಞಾನ ಪ್ರಬಂಧ. ಈಗ ಅಷ್ಟು ಕಷ್ಟವೂ ಬೇಡ, ಜೊತೆಗೆ ಬಂದ ಗೆಳೆಯನ ಒಂದು ಪೋಸ್ಟ್ ಸಾಕು. ಆದ್ದರಿಂದ ಅವರಿಗೂ ಮೊದಲೇ ಹೇಳಿ.

ಗೈಡ್ ಕೂಡ ತಿರುಗಾಟಕ್ಕೆ ಬರ್ತೀನಿ ಅಂತಿದ್ದಾರೆ. ಬೇಡ ಅನ್ನಬಹುದಾ?

"ಸರ್, ಆ ನಾಲ್ಕು ದಿನ ನಾನು ಬೇರೆ ಪ್ಲಾನ್ ಹಾಕಿಕೊಂಡಿದ್ದೇನೆ" ಅನ್ನಿ. ಅಷ್ಟು ಸಾಕು. ಗೈಡ್ ಆದವರು ಇದನ್ನು ಓದುತ್ತಿದ್ದರೆ: ನೀವೇ ಬೇರೆ ದಾರಿ ಹಿಡಿದರೆ ಇನ್ನೂ ಚೆನ್ನ.

ಊರಲ್ಲಿರುವ ಗೆಳೆಯರು ದೂರವಾಗುತ್ತಿದ್ದಾರೆ ಅನಿಸುತ್ತಿದೆ.

ಮೂರು ತಿಂಗಳು ಸಿಗ್ನಲ್ ಇಲ್ಲದ ಕಡೆ ಇದ್ದರೆ ಹಾಗೆ ಅನಿಸುವುದು ಸಹಜ. ಮದುವೆಗಳು ತಪ್ಪುತ್ತವೆ, ಹೆರಿಗೆಗಳು ತಪ್ಪುತ್ತವೆ, ಒಮ್ಮೊಮ್ಮೆ ಸಾವೂ ತಪ್ಪಿಹೋಗುತ್ತದೆ. ಇದಕ್ಕೆ ಪೂರ್ತಿ ಪರಿಹಾರ ಇದೆ ಅಂತ ನಾನು ಹೇಳಲಾರೆ. ದಿನಾ ಮಾತಾಡುತ್ತೇನೆ ಅಂತ ಮಾತು ಕೊಟ್ಟು ತಪ್ಪುವುದಕ್ಕಿಂತ, "ಭಾನುವಾರ ಸಂಜೆ, ಸಿಗ್ನಲ್ ಸಿಕ್ಕರೆ" ಅಂತ ಹೇಳಿ ಉಳಿಸಿಕೊಳ್ಳುವುದು ಮೇಲು. ಉದ್ದ ಮೆಸೇಜ್ ಬೇಡ. ಹತ್ತು ಸೆಕೆಂಡಿನ ಕಪ್ಪೆಯ ಕೂಗು ಕಳಿಸಿ ನೋಡಿ. ನನ್ನ ಅಕ್ಕ ಅದನ್ನು ಅಲಾರ್ಮ್ ಮಾಡಿಕೊಂಡಿದ್ದಾಳೆ.

ವಾಪಸು ಬಂದ ಮೇಲೆ ಮೊದಲ ವಾರ ನಿಮ್ಮ ಕತೆಗಿಂತ ಅವರ ಕತೆ ಹೆಚ್ಚು ಕೇಳಿ. ನೀವು ಇಲ್ಲದಾಗಲೂ ಅವರಿಗೆ ಮೂರು ತಿಂಗಳು ಕಳೆದಿದೆ.

ಫೀಲ್ಡ್‌ನಲ್ಲಿ ಆದ ಗೆಳೆತನ ಆಮೇಲೂ ಉಳಿಯುತ್ತಾ?

ಕೆಲವು. ಒಂದೇ ಟಾರ್ಚಿನ ಬೆಳಕಲ್ಲಿ ಎರಡು ತಿಂಗಳು ಕೆಲಸ ಮಾಡಿದವರು ನಗರದ ಕೆಫೆಯಲ್ಲಿ ಎದುರುಬದುರು ಕೂತಾಗ ಮಾತೇ ಹೊರಡದೆ ಪೇಚಾಡಿದ್ದನ್ನು ಕಂಡಿದ್ದೇನೆ. ಉಳಿದವುಗಳಲ್ಲಿ ಹೆಚ್ಚಿನವು ಕೊನೆಯ ಆ ನಾಲ್ಕೈದು ದಿನದ ತಿರುಗಾಟದಿಂದ ಉಳಿದವು. ಆಗ ಯಾರ ಕೈಯಲ್ಲೂ ನೋಟ್‌ಬುಕ್ ಇರಲಿಲ್ಲ. ಕಪ್ಪೆ ಕೂಗಿದಾಗ ಮಾತ್ರ ಇಬ್ಬರೂ ಒಟ್ಟಿಗೆ ಗಡಿಯಾರ ನೋಡಿಕೊಂಡೆವು.